ಆಧಾರನಿರ್ದೇಶವೂ ಟಿಪ್ಪಣಿಯ ಮರ್ಯಾದೆಯೂ

ಕಾಳಿದಾಸ, ಭಾರವಿ, ಮಾಘ ಮೊದಲಾದ ಮಹಾಕವಿಗಳ ಕಾವ್ಯಗಳಿಗೆ ವ್ಯಾಖ್ಯಾನವನ್ನು ರಚಿಸಿದ ಕೋಲಾಚಲ ಮಲ್ಲಿನಾಥಸೂರಿಯು ತನ್ನ ವ್ಯಾಖ್ಯಾನದ ಆರಂಭದಲ್ಲಿ ಎರಡು ಪ್ರತಿಜ್ಞೆಗಳನ್ನು ಮಾಡಿರುವನು. ಮೂಲವಿಲ್ಲದ್ದನ್ನು ಬರೆಯುವದಿಲ್ಲವೆಂಬದು ಮೊದಲನೆಯದು. ಅಪೇಕ್ಷೆಯಿಲ್ಲದ್ದನ್ನು ಹೇಳುವದಿಲ್ಲವೆಂಬದು ಎರಡನೆಯದು. ಗ್ರಂಥವನ್ನು ಕುರಿತು ಗ್ರಂಥ ಬರೆಯುವವರೆಲ್ಲರಿಗೂ ಈ ಎರಡು ಮಾತುಗಳೇ ಧರ್ಮಶಾಸ್ತ್ರವೆನ್ನಬೇಕು. ಮೊದಲನೆಯ ಪ್ರತಿಜ್ಞೆಯಿಂದ ಆಧಾರನಿರ್ದೇಶದ ನಿಯಮವು ಹುಟ್ಟುವದು. ಎರಡನೆಯದರಿಂದ ಟಿಪ್ಪಣಿಯ ಮಿತಿಯು ತಿಳಿಯುವದು. ಈ ಎರಡೂ ಕನ್ನಡದಲ್ಲಿ ಹೇಗೆ ನಡೆದು ಬಂದಿವೆ, ಇವುಗಳ ಲೋಪದಿಂದ ಸಾಹಿತ್ಯಕ್ಕೆ ಯಾವ ಹಾನಿಯುಂಟಾಗಿದೆ, ಇಂದಿನ ಬರೆಹಗಾರರೂ ಅಧ್ಯಾಪಕರೂ ಅನುಸರಿಸತಕ್ಕ ಕ್ರಮವಾವುದು ಎಂಬದು ಪ್ರಕೃತ ವಿಚಾರದ ವಿಷಯವು.

ಪೂರ್ವಿಕರ ಪದ್ಧತಿ

ಅನ್ಯರ ಮಾತನ್ನು ಅನ್ಯರದೆಂದೇ ತೋರಿಸುವ ಪದ್ಧತಿಯು ಪಶ್ಚಿಮದಿಂದ ಬಂದ ಹೊಸ ಸಂಪ್ರದಾಯವೆಂದು ಕೆಲವರು ಭಾವಿಸುವದುಂಟು. ಅದು ಸರಿಯಲ್ಲ. ಪಾಣಿನಿಯು ತನ್ನ ಅಷ್ಟಾಧ್ಯಾಯಿಯಲ್ಲಿ ಶಾಕಲ್ಯ, ಶಾಕಟಾಯನ, ಗಾರ್ಗ್ಯ, ಗಾಲವ, ಆಪಿಶಲಿ ಮೊದಲಾದ ಹತ್ತು ಮಂದಿ ಪೂರ್ವಾಚಾರ್ಯರನ್ನು ಹೆಸರಿಟ್ಟು ಸ್ಮರಿಸಿರುವನು. ಪ್ರಾಚ್ಯರ ಮತ, ಉದೀಚ್ಯರ ಮತ ಎಂದು ದೇಶಭೇದದಿಂದಲೂ ನಿರ್ದೇಶಿಸಿರುವನು. ಅರ್ಧಮಾತ್ರೆಯ ಲಾಘವಕ್ಕಾಗಿ ಹಾತೊರೆಯುವ ಸೂತ್ರಕಾರನು ಒಂದು ಪೂರ್ತಿ ಹೆಸರನ್ನು ಸೂತ್ರದೊಳಗೆ ಇರಿಸಬೇಕಾದರೆ ಅದಕ್ಕೆ ಬಲವಾದ ಪ್ರಯೋಜನವಿರಲೇಬೇಕು. ವ್ಯಾಖ್ಯಾನಕಾರರು ಆ ಪ್ರಯೋಜನವನ್ನು ಎರಡು ವಿಧವಾಗಿ ಹೇಳಿರುವರು: ಕೆಲವೆಡೆ ಹೆಸರು ವಿಕಲ್ಪವನ್ನು ತೋರಿಸುವದಕ್ಕೆ, ಕೆಲವೆಡೆ ಪೂಜೆಗೆ. ಇದು ಇಂದಿಗೂ ಸಲ್ಲುವ ವಿವೇಚನೆಯು. ಆಧಾರವನ್ನು ಹೇಳುವದರಿಂದ ಪೂರ್ವಿಕನಿಗೆ ಸಲ್ಲತಕ್ಕ ಗೌರವವು ಸಲ್ಲುವದು. ಈ ಮಾತು ಸರ್ವಸಮ್ಮತವೋ ಒಬ್ಬರ ಮತವೋ ಎಂಬದೂ ಓದುವವನಿಗೆ ತಿಳಿಯುವದು.

ವ್ಯಾಖ್ಯಾನಗಳಲ್ಲಿ ಇದಕ್ಕೆ ನಿಯತವಾದ ಸಂಕೇತಗಳೇ ಇದ್ದವು. ಮೂಲದ ಪದ್ಯವನ್ನೆಲ್ಲ ಮತ್ತೆ ಬರೆಯದೆ ಅದರ ಮೊದಲ ಶಬ್ದವನ್ನು ಪ್ರತೀಕವಾಗಿ ಹಿಡಿದು ಟೀಕೆಯನ್ನು ಆರಂಭಿಸುವರು. ಉದ್ಧರಿಸಿದ ಮಾತಿನ ಕೊನೆಗೆ ‘ಇತಿ’ ಎಂಬ ಅವ್ಯಯವು ಗಡಿಕಲ್ಲಿನಂತೆ ನಿಲ್ಲುವದು. ಅದರ ಮೇಲೆ ‘ಅಮರಃ’, ‘ವಿಶ್ವಃ’ ಎಂದು ಕೋಶದ ಹೆಸರು ಬರುವದು. ಭಿನ್ನಮತವಾದರೆ ‘ಕೇಚಿತ್’, ‘ಅನ್ಯೇ ತು’ ಎಂದು ಬೇರೆಯಾಗಿ ಹೇಳುವರು. ಲೇಖಕನು ಬಿಟ್ಟ ಅಕ್ಷರವನ್ನು ಸೇರಿಸಬೇಕಾದಲ್ಲಿ ಹಂಸಪಾದವನ್ನು ಹಾಕಿ ಅಂಚಿನಲ್ಲಿ ಬರೆಯುವರು. ಕಾಗದದ ಕೆಲವು ಹಸ್ತಪ್ರತಿಗಳಲ್ಲಿ ಮೂಲವನ್ನು ನಡುವೆ ದಪ್ಪ ಅಕ್ಷರದಲ್ಲಿ ಬರೆದು ಮೇಲೂ ಕೆಳಗೂ ಟೀಕೆಯನ್ನು ಸಣ್ಣ ಅಕ್ಷರದಲ್ಲಿ ಬರೆಯುವರು. ಇದಕ್ಕೆ ತ್ರಿಪಾಠವೆಂದು ಹೆಸರು. ಎಡಬಲದ ಅಂಚುಗಳನ್ನೂ ತುಂಬಿದರೆ ಪಂಚಪಾಠವೆನಿಸುವದು. ಯಾವ ಅಕ್ಷರವು ಕವಿಯದು, ಯಾವುದು ಟೀಕಾಕಾರನದು ಎಂಬದು ಪತ್ರವನ್ನು ನೋಡಿದ ಕೂಡಲೆ ಗೊತ್ತಾಗಬೇಕೆಂಬದೇ ಈ ಎಲ್ಲ ಏರ್ಪಾಡುಗಳ ಉದ್ದೇಶವು.

ಹೆಸರಿಲ್ಲದ ಪದ್ಯಗಳು

ಕನ್ನಡದಲ್ಲಿಯೂ ಪೂರ್ವಿಕರನ್ನು ಸ್ಮರಿಸುವ ಮರ್ಯಾದೆಯು ಮೊದಲಿನಿಂದಲೂ ಇದೆ. ಕ್ರಿ. ಶ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನೂ, ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಹೆಸರಿಸುವದು. ಆದರೆ ಯಾರು ಯಾವ ಗ್ರಂಥವನ್ನು ಬರೆದರೆಂಬದನ್ನು ಅದು ಹೇಳುವದಿಲ್ಲ. ಹೆಸರು ಉಳಿದಿದೆ, ದಾರಿ ಉಳಿದಿಲ್ಲ.

ಹದಿಮೂರನೆಯ ಶತಮಾನದ ಮಧ್ಯದಲ್ಲಿ ಮಲ್ಲಿಕಾರ್ಜುನನು ಸೂಕ್ತಿಸುಧಾರ್ಣವವೆಂಬ ಸಂಕಲನವನ್ನು ಮಾಡಿದನು. ಪೂರ್ವಕವಿಗಳ ಉತ್ತಮ ಪದ್ಯಗಳನ್ನು ಆರಿಸಿ ಸಮುದ್ರವರ್ಣನೆ, ನಗರವರ್ಣನೆ ಎಂದು ವಿಷಯಾನುಸಾರವಾಗಿ ಜೋಡಿಸಿರುವನು. ಆದರೆ ಪದ್ಯಗಳ ಕರ್ತೃಗಳನ್ನು ತಿಳಿಸಿಲ್ಲ. ಅವನ ಮಗನಾದ ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿ ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ ಮೊದಲಾದವರ ಮಾರ್ಗವೇ ತನಗೆ ಲಕ್ಷ್ಯವೆಂದು ಹೇಳುವನು. ಮುಂದೆ ಸೂತ್ರಗಳ ಕೆಳಗೆ ಪ್ರಯೋಗಗಳನ್ನು ಕೊಡುವಾಗ ಇದು ಇಂಥವನ ಇಂಥ ಕಾವ್ಯದ್ದೆಂಬದನ್ನು ಬಹುಮಟ್ಟಿಗೆ ಬಿಟ್ಟುಬಿಡುವನು. ಅವನ ಕಾಲದ ಓದುಗರಿಗೆ ಆ ಪದ್ಯಗಳು ಕಂಠಸ್ಥವಾಗಿದ್ದವು. ಪದ್ಯದ ಮೊದಲ ಪಾದವನ್ನು ಕೇಳಿದರೆ ಕವಿ ಯಾರೆಂಬದು ತಿಳಿಯುತ್ತಿತ್ತು. ಆದ್ದರಿಂದ ಕೇಶಿರಾಜನನ್ನು ದೂಷಿಸುವದು ಯುಕ್ತವಲ್ಲ.

ಆದರೆ ಕಾಲವು ಆ ಕಂಠಸ್ಥ ವಿದ್ಯೆಯನ್ನು ಉಳಿಸಲಿಲ್ಲ. ಗಜಗ, ಮನಸಿಜ, ಚಂದ್ರಭಟ್ಟರ ಕಾವ್ಯಗಳು ದೊರೆತಿಲ್ಲ. ಮೊದಲನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ದೊರೆತಿಲ್ಲ. ಅವುಗಳ ವಿಷಯವಾಗಿ ತಿಳಿದಿರುವದೆಲ್ಲ ಮುಂದಿನವರ ಉಲ್ಲೇಖಗಳಿಂದಲೂ ಉದ್ಧೃತ ಪದ್ಯಗಳಿಂದಲೂ ತಿಳಿದದ್ದೇ. ದರ್ಪಣದಲ್ಲಿಯೂ ಸುಧಾರ್ಣವದಲ್ಲಿಯೂ ಆಕರವು ತಿಳಿಯದ ಪದ್ಯಗಳು ಇನ್ನೂ ಇವೆ. ಅವುಗಳಲ್ಲಿ ಕೆಲವು ನಷ್ಟವಾದ ಆ ಕಾವ್ಯಗಳವೇ ಆಗಿರಬಹುದು. ಪದ್ಯದ ಕೆಳಗೆ ನಾಲ್ಕು ಅಕ್ಷರದ ಒಂದು ಹೆಸರನ್ನು ಬರೆದಿದ್ದರೆ ಒಬ್ಬ ಮಹಾಕವಿಯ ಶೈಲಿ, ಛಂದಸ್ಸು, ಭಾಷಾರೂಪ, ಕಾಲ ಇವೆಲ್ಲ ಇಂದು ವಿಚಾರಕ್ಕೆ ಒದಗುತ್ತಿದ್ದವು. ಪದ್ಯಗಳು ಉಳಿದಿವೆ, ಆದರೆ ತಂದೆತಾಯಿಗಳ ಹೆಸರನ್ನು ಹೇಳಲಾರದ ಅನಾಥ ಶಿಶುಗಳಂತೆ ಉಳಿದಿವೆ. ಆಧಾರನಿರ್ದೇಶದ ಲೋಪವು ಸಣ್ಣ ತಪ್ಪೆಂದು ತಿಳಿಯುವವರು ಈ ನಷ್ಟವನ್ನು ನೆನೆಯಬೇಕು.

ಅಂಕಿತವೆಂಬ ಗುರುತು

ಕವಿಯ ಹೆಸರು ಪದ್ಯದಿಂದ ಅಗಲದಿರಲೆಂದು ಕನ್ನಡವು ತಾನೇ ಕಂಡುಕೊಂಡ ಉಪಾಯವೊಂದುಂಟು, ಅದು ಅಂಕಿತವು. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿಯವರು, ರಾಮನಾಥನೆಂದರೆ ಜೇಡರ ದಾಸಿಮಯ್ಯನವರು. ಇಷ್ಟದೈವದ ಹೆಸರೇ ಹೇಳಿದವರ ಗುರುತಾಗಿ ಮಾತಿನೊಳಗೇ ಹೆಣೆದುಕೊಂಡಿರುವದರಿಂದ ಓಲೆಯ ಮೇಲೆ ಹೆಸರು ಬರೆಯದಿದ್ದರೂ ಕರ್ತೃವು ತಿಳಿಯುತ್ತಾನೆ. ಪುರಂದರವಿಠಲ, ಕಾಗಿನೆಲೆಯಾದಿಕೇಶವ ಎಂಬ ಹರಿದಾಸರ ಮುದ್ರೆಗಳೂ ಇಂಥವೇ.

ಆದರೂ ಅಂಕಿತವೊಂದರಿಂದಲೇ ಕೆಲಸವು ಮುಗಿಯುವದಿಲ್ಲ. ಅದು ‘ಯಾರದು’ ಎಂಬ ಪ್ರಶ್ನೆಗೆ ಉತ್ತರವೇ ಹೊರತು ‘ಎಲ್ಲಿಯದು’ ಎಂಬ ಪ್ರಶ್ನೆಗೆ ಉತ್ತರವಲ್ಲ. ಸರ್ವಜ್ಞನ ತ್ರಿಪದಿಗಳು ಇದಕ್ಕೆ ನಿದರ್ಶನ. ಕೊನೆಯಲ್ಲಿ ‘ಸರ್ವಜ್ಞ’ ಎಂಬ ಒಂದೇ ಶಬ್ದವನ್ನು ಇಟ್ಟರೆ ಯಾರು ಕಟ್ಟಿದ ಪದ್ಯವಾದರೂ ಅವನದಾಗಿ ಜನರ ಬಾಯಲ್ಲಿ ಹರಡುವದು. ಉತ್ತಂಗಿ ಚನ್ನಪ್ಪನವರು ಊರೂರು ಸುತ್ತಿ, ಓಲೆಗಳನ್ನೂ ಕೈಬರೆಹಗಳನ್ನೂ ಕೂಡಿಹಾಕಿ, ಹೋಲಿಸಿ, ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಬೇಕಾಗಿ ಬಂದದ್ದು ಈ ಕಾರಣದಿಂದಲೇ. ಇಂದು ಕೈಯಲ್ಲಿನ ಫೋನುಗಳ ಮೂಲಕ ದಿನಕ್ಕೊಂದು ವಚನವು ಸಾವಿರಾರು ಜನರನ್ನು ಮುಟ್ಟುತ್ತಿರಲಾಗಿ, ಅಂಕಿತವಿದೆಯೆಂಬ ಒಂದೇ ಕಾರಣದಿಂದ ಅದನ್ನು ಪಾಠದಲ್ಲಿ ಉದ್ಧರಿಸುವದು ಅಧ್ಯಾಪಕರಿಗೆ ಶೋಭಿಸುವದಲ್ಲ. ಕರ್ನಾಟಕ ಸರಕಾರವು ೧೯೯೩ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಪ್ರಕಟಿಸಿದೆ, ಧಾರವಾಡದ ಎಂ. ಎಂ. ಕಲಬುರ್ಗಿಯವರು ಅದರ ಪ್ರಧಾನ ಸಂಪಾದಕರಾಗಿದ್ದರು. ಸಂಪುಟವನ್ನೂ ವಚನದ ಸಂಖ್ಯೆಯನ್ನೂ ಬರೆಯುವದಕ್ಕೆ ಅರ್ಧ ಸಾಲು ಸಾಕು.

ಬರೆದ ಮಾತಿಗೆ ಮಾತ್ರವಲ್ಲ, ಆಡುಮಾತಿಗೂ ಆಧಾರ ಹೇಳಬೇಕೆಂಬದಕ್ಕೆ ಕಿಟ್ಟೆಲರ ಕೋಶವು ಮೇಲ್ಪಂಕ್ತಿಯಾಗಿದೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಶಬ್ದದ ಅರ್ಥದೊಡನೆ ಅದು ಬರುವ ಗ್ರಂಥವನ್ನು ಸಂಕೇತಾಕ್ಷರದಿಂದ ಸೂಚಿಸಿದೆ. ಶಬ್ದಮಣಿದರ್ಪಣಕ್ಕೊಂದು, ಬಸವಪುರಾಣಕ್ಕೊಂದು, ಜೈಮಿನಿಭಾರತಕ್ಕೊಂದು. ಗ್ರಂಥದಲ್ಲಿಲ್ಲದೆ ಜನರ ಬಾಯಿಂದ ಕೇಳಿದ ಶಬ್ದವಾದರೆ ಮೈಸೂರು ಸೀಮೆಯದೋ, ಆಗ ದಕ್ಷಿಣ ಮರಾಠಾ ಪ್ರಾಂತವೆನ್ನಿಸಿಕೊಳ್ಳುತ್ತಿದ್ದ ಧಾರವಾಡ–ಬೆಳಗಾವಿಯ ಕಡೆಯದೋ ಎಂಬದನ್ನೂ ಗುರುತಿಸಿದೆ. ನೂರಾರು ವರ್ಷಗಳ ಕಾಲ ಬರೆಹಕ್ಕೆ ಬಾರದ ಒಕ್ಕಲಿಗನ ಮಾತೂ ಈ ಕ್ರಮದಿಂದ ಪ್ರಮಾಣದ ಪದವಿಯನ್ನು ಪಡೆಯಿತು.

ಊರಿನ ಹೆಸರೂ ಶಾಸನದ ಸಂಖ್ಯೆಯೂ

ಕಾವ್ಯದಲ್ಲಿ ಕವಿಯ ಹೆಸರು ಹೇಗೋ ಶಾಸನದಲ್ಲಿ ಊರಿನ ಹೆಸರು ಹಾಗೆ. ಆದರೆ ಊರಿನ ಹೆಸರೊಂದೇ ಸಾಲದು. ಶಿರಗುಪ್ಪಿಯನ್ನೇ ತೆಗೆದುಕೊಳ್ಳಬಹುದು. ಹುಬ್ಬಳ್ಳಿ ತಾಲೂಕಿನಲ್ಲಿ ಒಂದು ಶಿರಗುಪ್ಪಿಯುಂಟು; ಬೆಳಗಾವಿ ಜಿಲ್ಲೆಯ ಕಾಗವಾಡದ ಕಡೆಗೆ ಇನ್ನೊಂದು ಶಿರಗುಪ್ಪಿಯುಂಟು; ಬಳ್ಳಾರಿ ಜಿಲ್ಲೆಯ ಸಿರುಗುಪ್ಪವು ಉಚ್ಚಾರದಲ್ಲಿ ಇವೆರಡಕ್ಕೂ ಹತ್ತಿರವಾದದ್ದು. ‘ಶಿರಗುಪ್ಪಿಯಲ್ಲಿ ಕಂಡದ್ದು’ ಎಂದಷ್ಟೇ ಬರೆದ ಟಿಪ್ಪಣಿಯನ್ನು ಐವತ್ತು ವರ್ಷಗಳ ತರುವಾಯ ಓದುವವನು ಕೃಷ್ಣೆಯ ದಡಕ್ಕೆ ಹೋಗಬೇಕೋ, ತುಂಗಭದ್ರೆಯ ದಡಕ್ಕೆ ಹೋಗಬೇಕೋ, ಹುಬ್ಬಳ್ಳಿಯ ಕರಿಯ ಭೂಮಿಗೆ ಬರಬೇಕೋ ತಿಳಿಯದೆ ನಿಲ್ಲುವನು.

ತಾಲೂಕು ಜಿಲ್ಲೆಗಳನ್ನು ಬರೆದರೂ ವರ್ಷವನ್ನು ಬರೆಯಬೇಕು. ಏಕೆಂದರೆ ಗಡಿಗಳು ಬದಲಾಗುವವು. ೧೯೯೭ರಲ್ಲಿ ಗದಗ, ಹಾವೇರಿಗಳು ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾದವು. ಅದಕ್ಕೆ ಮೊದಲಿನ ಗ್ರಂಥಗಳಲ್ಲಿ ಲಕ್ಕುಂಡಿಯೂ ಹಾನಗಲ್ಲೂ ಧಾರವಾಡ ಜಿಲ್ಲೆಯ ಊರುಗಳೇ. ನವಲಗುಂದ ತಾಲೂಕಿಗೆ ಸೇರಿದ್ದ ಅಣ್ಣಿಗೇರಿಯು ಈಗ ತಾನೇ ತಾಲೂಕಾಗಿದೆ. ಅಥಣಿಗೆ ಸೇರಿದ್ದ ಕಾಗವಾಡವೂ ಹಾಗೆಯೇ.

ಶಾಸನಗಳ ಸಂಖ್ಯೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರವು ಬೇಕು. ಬಿ. ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲೂಕಿನ ಹೆಸರನ್ನೂ ಸಂಖ್ಯೆಯನ್ನೂ ಕೂಡಿಸಿ ಶಾಸನವನ್ನು ನಿರ್ದೇಶಿಸುವ ಸುಲಭವಾದ ಕ್ರಮವನ್ನು ತಂದರು. ವಿದ್ವಾಂಸರೆಲ್ಲ ಅದನ್ನು ಹಿಡಿದರು. ಶ್ರವಣಬೆಳಗೊಳದ ಸಂಪುಟವನ್ನು ರೈಸರು ೧೮೮೯ರಲ್ಲಿ ಪ್ರಕಟಿಸಿದಾಗ ಅದರಲ್ಲಿ ೧೪೪ ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಅದನ್ನು ಪರಿಷ್ಕರಿಸಿದಾಗ ಅವು ೫೦೦ ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಹೊರತಂದ ಆವೃತ್ತಿಯಲ್ಲಿ ೫೭೩ ಆದವು. ಒಂದೊಂದು ಆವೃತ್ತಿಯಲ್ಲಿಯೂ ಸಂಖ್ಯೆಗಳು ಹೊಸದಾಗಿ ಬಿದ್ದವು. ಹೀಗಿರಲಾಗಿ ‘ಶ್ರವಣಬೆಳಗೊಳ, ನೂರನೆಯ ಶಾಸನ’ ಎಂದರೆ ಅದು ಮೂರು ಬೇರೆ ಬೇರೆ ಕಲ್ಲುಗಳನ್ನು ಹೇಳಬಹುದು. ಆವೃತ್ತಿಯನ್ನು ಹೇಳದ ಸಂಖ್ಯೆಯು ಬೀಗವಿಲ್ಲದ ಕೀಲಿಕೈಯಂತೆ. ಅಚ್ಚಿನ ಗ್ರಂಥಗಳಿಗೂ ಈ ನಿಯಮವೇ. ಕರ್ಣಾಟಕ ಕವಿಚರಿತೆಯ ಮೊದಲನೆಯ ಸಂಪುಟವು ೧೯೦೭ರಲ್ಲಿ ಅಚ್ಚಾಗಿ ೧೯೨೪ರಲ್ಲಿ ಪರಿಷ್ಕೃತವಾಯಿತು. ಯಾವ ಮುದ್ರಣದ ಪುಟವೆಂಬದನ್ನು ತಿಳಿಸದಿದ್ದರೆ ಹುಡುಕುವವನಿಗೆ ವ್ಯರ್ಥಶ್ರಮವು.

ಉಕ್ತಿಯೂ ಅನುಮಾನವೂ

ಆಧಾರವನ್ನು ಹೇಳದಿದ್ದರೆ ದಾರಿ ತಪ್ಪುವದಷ್ಟೇ ಅಲ್ಲ, ಅರ್ಥವೂ ಬೆಳೆಯುತ್ತ ಹೋಗುವದು. ಇದಕ್ಕೆ ಅಣ್ಣಿಗೇರಿಯ ವಿಷಯವೇ ತಕ್ಕ ಉದಾಹರಣೆಯು. ‘ಆದಿಕವಿ ಪಂಪನು ಅಣ್ಣಿಗೇರಿಯಲ್ಲಿ ಹುಟ್ಟಿದನು’ ಎಂಬ ಮಾತು ಧಾರವಾಡ ಸೀಮೆಯಲ್ಲಿ ಸರ್ವಪರಿಚಿತವಾಗಿದೆ. ಇದಕ್ಕೆ ಮೂಲವೆಂದರೆ ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಶಾಸನವು. ಪಂಪನ ತಮ್ಮನಾದ ಜಿನವಲ್ಲಭನು ಬರೆಯಿಸಿದ ಈ ಶಾಸನದಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರು ಭಾಷೆಗಳೂ ಇವೆ. ತಮ್ಮ ತಾಯಿಯಾದ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅದು ತಿಳಿಸುವದು.

ಶಾಸನದ ಉಕ್ತಿಯು ಇಷ್ಟು. ಅಣ್ಣಿಗೇರಿಯು ತಾಯಿಯ ಕಡೆಯ ಊರೆಂಬದು ಇದರಿಂದ ಸಿದ್ಧವಾಗುವದು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವದು ವಾಡಿಕೆಯಾದ್ದರಿಂದ ಪಂಪನು ಅಲ್ಲಿಯೇ ಹುಟ್ಟಿರಬಹುದೆಂಬದು ಅನುಮಾನವು. ವಿಕ್ರಮಾರ್ಜುನವಿಜಯದಲ್ಲಿ ಬನವಾಸಿ ದೇಶದ ಮೇಲೆ ಕವಿಯು ತೋರಿಸಿದ ಪ್ರೀತಿ, ಪುಲಿಗೆರೆಯ ತಿರುಳ್ಗನ್ನಡದ ಪ್ರಶಂಸೆ ಇವನ್ನು ಸೇರಿಸಿದರೆ ಅನುಮಾನಕ್ಕೆ ಬಲವು ಬರುವದು. ಆದರೂ ಅದು ಅನುಮಾನವೇ. ಶಾಸನವು ಕವಿಯ ಜನ್ಮಸ್ಥಳವನ್ನು ಹೇಳಿಲ್ಲ. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಇರುವ ಭೇದವನ್ನು ತರ್ಕಶಾಸ್ತ್ರದ ಮೊದಲನೆಯ ಪಾಠದಲ್ಲಿಯೇ ಹೇಳಿಕೊಡುವರು. ಆಧಾರವಾಕ್ಯವನ್ನು ಕೆಳಗೆ ಬರೆದಿದ್ದರೆ ಈ ಭೇದವನ್ನು ವಿದ್ಯಾರ್ಥಿಯೇ ಕಂಡುಕೊಳ್ಳುವನು. ಬರೆಯದಿದ್ದರೆ ಒಬ್ಬರಿಂದ ಒಬ್ಬರಿಗೆ ದಾಟುತ್ತ ‘ಇರಬಹುದು’ ಎಂಬದು ‘ಇದೆ’ ಎಂದಾಗುವದು. ಇದರಿಂದ ಅಣ್ಣಿಗೇರಿಯ ಗೌರವಕ್ಕೆ ಕುಂದೇನೂ ಇಲ್ಲ. ಕಲ್ಲಿನ ಮೇಲೆ ನಿಂತ ಸಣ್ಣ ಸತ್ಯವು ಗಾಳಿಯಲ್ಲಿ ನಿಂತ ದೊಡ್ಡ ಮಾತಿಗಿಂತ ಹೆಚ್ಚು ಕಾಲ ಬಾಳುವದು.

ಮೂಲ, ವೃತ್ತಿ, ಟಿಪ್ಪಣಿ

ಇನ್ನು ಟಿಪ್ಪಣಿಯ ಮರ್ಯಾದೆ. ಮರ್ಯಾದೆಯೆಂದರೆ ಇಲ್ಲಿ ಗಡಿಯೆಂದೇ ಅರ್ಥವು. ಶಬ್ದಮಣಿದರ್ಪಣದಲ್ಲಿ ಕಂದಪದ್ಯದ ಸೂತ್ರ, ಗದ್ಯದ ವೃತ್ತಿ, ಪ್ರಯೋಗ ಎಂದು ಮೂರು ಅಂಗಗಳು ಬೇರೆ ಬೇರೆಯಾಗಿ ನಿಲ್ಲುವವು. ೧೬೦೪ರಲ್ಲಿ ಭಟ್ಟಾಕಳಂಕನು ಕರ್ಣಾಟಕ ಶಬ್ದಾನುಶಾಸನವನ್ನು ಬರೆದಾಗ ಸಂಸ್ಕೃತ ಸೂತ್ರಗಳಿಗೆ ಭಾಷಾಮಂಜರಿಯೆಂಬ ವೃತ್ತಿಯನ್ನೂ, ಅದಕ್ಕೆ ಮಂಜರೀಮಕರಂದವೆಂಬ ವ್ಯಾಖ್ಯಾನವನ್ನೂ ತಾನೇ ರಚಿಸಿದನು. ಮೂರಕ್ಕೂ ಕರ್ತೃವು ಒಬ್ಬನೇ ಆಗಿದ್ದರೂ ಮೂರನ್ನೂ ಕಲೆಸಲಿಲ್ಲವೆಂಬದು ಗಮನಿಸತಕ್ಕ ಸಂಗತಿಯು.

ಈ ಗಡಿಯನ್ನು ಓದುಗನು ಮರೆತರೆ ಆಗುವ ಭ್ರಾಂತಿಗೆ ಶೂನ್ಯಸಂಪಾದನೆಯನ್ನು ನೋಡಬಹುದು. ಶಿವಗಣಪ್ರಸಾದಿ ಮಹಾದೇವಯ್ಯನವರು ಹದಿನೈದನೆಯ ಶತಮಾನದಲ್ಲಿ ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಆಯ್ದು, ನಡುನಡುವೆ ತಮ್ಮ ಗದ್ಯವನ್ನು ಕೂಡಿಸಿ, ಸಂವಾದರೂಪವಾದ ಅಪೂರ್ವ ಗ್ರಂಥವನ್ನು ಕಟ್ಟಿದರು. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಬೇರೆ ಬೇರೆ ರೀತಿಯಿಂದ ಪರಿಷ್ಕರಿಸಿದರು. ಇದರಲ್ಲಿ ವಚನವು ಶರಣರದು. ಅದನ್ನು ಯಾವ ಪ್ರಸಂಗದಲ್ಲಿ, ಯಾರ ಪ್ರಶ್ನೆಗೆ ಉತ್ತರವಾಗಿ ಹೇಳಿದರೆಂಬ ಜೋಡಣೆಯು ಸಂಪಾದನಕಾರರದು. ‘ಅಕ್ಕಮಹಾದೇವಿಯವರು ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳಿಗೆ ಹೀಗೆ ಉತ್ತರಕೊಟ್ಟರು’ ಎಂದು ಬರೆಯುವಾಗ ಯಾರ ಶೂನ್ಯಸಂಪಾದನೆಯ ಪ್ರಕಾರವೆಂಬದನ್ನು ಹೇಳದಿದ್ದರೆ ಹದಿನೈದನೆಯ ಶತಮಾನದ ರಚನಾಕೌಶಲವು ಹನ್ನೆರಡನೆಯ ಶತಮಾನದ ಚರಿತ್ರೆಯಾಗಿಬಿಡುವದು. ಶರಣರಿಗೂ ನ್ಯಾಯವಾಗದು, ಸಂಪಾದನಕಾರರ ಪ್ರತಿಭೆಗೂ ನ್ಯಾಯವಾಗದು.

ಗಡಿಯನ್ನು ಹೇಗೆ ಕಾಯಬೇಕೆಂಬದಕ್ಕೆ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮಹಾಭಾರತವು ಆದರ್ಶವಾಗಿದೆ. ೧೯೧೯ರಲ್ಲಿ ಆರಂಭವಾಗಿ ೧೯೬೬ರಲ್ಲಿ ಮುಗಿದ ಆ ಪರಿಷ್ಕರಣದಲ್ಲಿ ನಿರ್ಣೀತ ಪಾಠವು ಪುಟದ ಮೇಲ್ಭಾಗದಲ್ಲಿ, ಪಾಠಾಂತರಗಳು ಅಡಿಯಲ್ಲಿ. ಪ್ರತಿಗಳಿಗೆ ಲಿಪಿಯನ್ನು ಅನುಸರಿಸಿದ ಸಂಕೇತಾಕ್ಷರಗಳು. ಸಂದೇಹವಿರುವ ಪಾಠದ ಕೆಳಗೆ ಅಲೆಯಂಥ ಗೆರೆ. ಮೂಲದಿಂದ ಬಿಟ್ಟ ಸಾಲುಗಳನ್ನೂ ಎಸೆಯದೆ ನಕ್ಷತ್ರದ ಚಿಹ್ನೆಯಿಂದ ಕೆಳಗೆ ಉಳಿಸಿದೆ. ಸಂಪಾದಕರ ನಿರ್ಣಯವನ್ನು ಒಪ್ಪದವನೂ ಅದೇ ಪುಟದ ಸಾಮಗ್ರಿಯಿಂದ ತನ್ನ ವಾದವನ್ನು ಹೂಡಬಹುದು. ಪ್ರತಿವಾದಿಯ ಕೈಗೂ ಸಾಧನವನ್ನು ಒದಗಿಸುವ ಇಂಥ ಔದಾರ್ಯವೇ ಪಾಂಡಿತ್ಯದ ಲಕ್ಷಣವು.

ಒಂದು ಆಕ್ಷೇಪ

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಸಾಲುಸಾಲಿಗೆ ಆಧಾರ, ಪುಟಪುಟಕ್ಕೆ ಟಿಪ್ಪಣಿ ತುಂಬಿದರೆ ಓದುವ ಸುಖವು ಕೆಡುವದು, ಆಧಾರಗಳ ಆಡಂಬರವು ಲೇಖಕನ ಬಹುಶ್ರುತತೆಯ ಪ್ರದರ್ಶನವಷ್ಟೇ ಆಗುವದು. ಈ ಆಕ್ಷೇಪವು ನಿರ್ಮೂಲವಲ್ಲ. ಮಲ್ಲಿನಾಥನ ಎರಡನೆಯ ಪ್ರತಿಜ್ಞೆಯು ಇಲ್ಲಿ ಸಹಾಯಕ್ಕೆ ಬರುವದು. ಸೂರ್ಯನು ಪೂರ್ವದಲ್ಲಿ ಹುಟ್ಟುವನೆಂಬದಕ್ಕೆ ಆಧಾರವು ಬೇಡ. ಪಂಪನು ಆದಿಪುರಾಣವನ್ನು ಬರೆದನೆಂಬದಕ್ಕೂ ವಿದ್ವಾಂಸರ ಮುಂದೆ ಬೇಡ. ವಿವಾದಕ್ಕೆ ಒಳಗಾಗಬಹುದಾದ ಮಾತಿಗೆ, ಇನ್ನೊಬ್ಬರು ಮೊದಲು ಕಂಡ ಸಂಗತಿಗೆ, ಅಕ್ಷರಶಃ ಉದ್ಧರಿಸಿದ ವಾಕ್ಯಕ್ಕೆ ಆಧಾರವು ಬೇಕೇ ಬೇಕು. ವಾದದ ಎಳೆಗೆ ಅವಶ್ಯವಾದದ್ದು ಮೇಲೆ ಇರಲಿ. ಅದನ್ನು ಪರೀಕ್ಷಿಸುವದಕ್ಕೆ ಅವಶ್ಯವಾದದ್ದು ಕೆಳಗೆ ಇರಲಿ. ಎರಡಕ್ಕೂ ಬೇಡವಾದದ್ದು ಲೇಖಕನ ಪೆಟ್ಟಿಗೆಯಲ್ಲಿಯೇ ಇರಲಿ.

ನೋಡದ ಗ್ರಂಥವನ್ನು ನೋಡಿದಂತೆ ಹೇಳುವದು ಇನ್ನೊಂದು ದೋಷ. ಒಬ್ಬರು ಉದ್ಧರಿಸಿದ ಶಾಸನವಾಕ್ಯವನ್ನು ಅವರ ಲೇಖದಿಂದಲೇ ತೆಗೆದುಕೊಂಡು ಶಾಸನಸಂಪುಟದ ಪುಟವನ್ನು ಮಾತ್ರ ಬರೆದರೆ, ಮೊದಲಿನವರ ಕೈತಪ್ಪು ಎರಡು ಸಾಕ್ಷಿಗಳ ಬಲವನ್ನು ಪಡೆಯುವದು. ‘ಇಂಥವರ ಲೇಖದಲ್ಲಿ ಉದ್ಧೃತ’ ಎಂದು ಬರೆದರೆ ದೋಷವು ಉಳಿಯದು.

ಅನುಸರಿಸತಕ್ಕ ಕ್ರಮ

ಮೇಲಿನ ವಿಚಾರದಿಂದ ಫಲಿಸಿದ್ದನ್ನು ಹೀಗೆ ಸಂಗ್ರಹಿಸಬಹುದು. (೧) ಉದ್ಧೃತವಾದ ಮಾತಿನ ಆದ್ಯಂತಗಳು ಚಿಹ್ನೆಗಳಿಂದ ಸ್ಪಷ್ಟವಾಗಿರಬೇಕು. ನಡುವೆ ಬಿಟ್ಟದ್ದನ್ನೂ ಸೇರಿಸಿದ್ದನ್ನೂ ಗುರುತಿಸಬೇಕು. (೨) ಕರ್ತೃ, ಗ್ರಂಥ, ಸಂಪಾದಕ, ಆವೃತ್ತಿ, ವರ್ಷ, ಪುಟ ಅಥವಾ ಪದ್ಯಸಂಖ್ಯೆ ಇವನ್ನು ಒಂದೇ ಕ್ರಮದಿಂದ ಕೊನೆಯವರೆಗೂ ಕೊಡಬೇಕು. (೩) ಶಾಸನಕ್ಕೆ ಊರು, ತಾಲೂಕು, ಜಿಲ್ಲೆ, ಸಂಪುಟದ ಆವೃತ್ತಿ, ಸಂಖ್ಯೆ, ವಚನಕ್ಕೆ ಅಂಕಿತದೊಡನೆ ಸಂಪುಟ, ಸಂಖ್ಯೆ, ಆಡುಮಾತಿಗೆ ಸೀಮೆ. (೪) ಉಕ್ತಿಯನ್ನೂ ಅನುಮಾನವನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಹೇಳಬೇಕು. (೫) ಟಿಪ್ಪಣಿಯು ಮೂಲದೊಳಗೆ ನುಗ್ಗಬಾರದು. ಮೂಲವನ್ನು ಮುಚ್ಚಲೂ ಬಾರದು.

ಈ ಐದನ್ನೂ ಅಧ್ಯಾಪಕರು ತರಗತಿಯಲ್ಲಿಯೇ ರೂಢಿಗೆ ತರಬಹುದು. ಪಾಠದಲ್ಲಿ ಒಂದು ವಚನವನ್ನು ಹೇಳುವಾಗ ಅದರ ಸಂಪುಟ, ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದರೆ ಹುಡುಗನು ಮುಂದೆ ತಾನೂ ಬರೆಯುವನು. ಕೇಶಿರಾಜನ ಶಿಷ್ಯರಿಗೆ ಬೇಡವಾಗಿದ್ದ ಹೆಸರು ಏಳುನೂರೈವತ್ತು ವರ್ಷಗಳ ತರುವಾಯ ನಾಡಿಗೆಲ್ಲ ಬೇಕಾಯಿತು. ಇಂದು ಸರ್ವರಿಗೂ ತಿಳಿದಿದೆಯೆಂದು ಬಿಟ್ಟದ್ದು ಮುಂದೆ ಯಾರಿಗೂ ತಿಳಿಯದೆ ಹೋಗಬಹುದು. ಆ ಕಾಲದ ಓದುಗನನ್ನು ನೆನೆದು ಬರೆಯುವವನೇ ಆಧಾರನಿರ್ದೇಶದ ಪ್ರಯೋಜನವನ್ನು ಅರಿತವನು.